ಉಡಿ ತುಂಬಿದ ಭಾನುವಾರ

ಚಾರ್‌ಮಿನಾರಿನ ಪಕ್ಕದ ಬಳೆ ಬಜಾರು ಮುಗಿದು, ಗದ್ದಲ ಸ್ವಲ್ಪ ಉಸಿರು ಬಿಡುವಲ್ಲಿ ಹುಸೇನಿ ಆಲಂ. ಅಲ್ಲಿಯ ಒಂದು ಓಣಿಯಲ್ಲಿ ಸಂಗಣ್ಣನವರ ಮನೆ. ನಡುವೆ ಅಂಗಳ, ಸುತ್ತ ಪಡಸಾಲೆ, ಹಿಂದೆ ಅಡುಗೆಮನೆ. ಆ ಮನೆಗೆ ಒಂದು ಕಟ್ಟಳೆ ಇತ್ತು. ಊಟದ ಹೊತ್ತಿಗೆ ಹೊಸ್ತಿಲು ದಾಟಿದವರು ಅಂಚೆಯವನಿರಲಿ, ಗ್ಯಾಸಿನವನಿರಲಿ, ವಿಳಾಸ ತಪ್ಪಿ ಬಂದವನೇ ಇರಲಿ, ಉಣ್ಣದೆ ಹೋಗುವಂತಿಲ್ಲ. ಸಂಗಣ್ಣನವರ ತಂದೆ ಕಲಬುರಗಿ ಬಿಟ್ಟು ಬಂದು ಇಲ್ಲಿ ಕಚೇರಿ ನೌಕರಿ ಹಿಡಿದ ಕಾಲದಿಂದ ನಡೆದು ಬಂದ ದಾಸೋಹ ಅದು. ಹತ್ತೊಂಬತ್ತಕ್ಕೆ ಸಂಗಣ್ಣನವರ ಕೈ ಹಿಡಿದು ಸೊಸೆಯಾಗಿ ಬಂದ ಗಂಗಾಬಾಯಿಗೆ ಈಗ ಅರವತ್ತೆಂಟು. ಪ್ರತಿ ಶ್ರಾವಣ ಮಠದಲ್ಲಿ ಪುರಾಣ ಕೇಳಿ ಕೇಳಿ ಪದ ಮರೆತರೂ ಧಾಟಿ ಮರೆಯದ ಹೆಂಗಸು. ಆ ದಾಸೋಹವನ್ನು ಒಂದು ಹೊತ್ತೂ ತಪ್ಪಿಸಿದವರಲ್ಲ.

ಗಣಪತಿ ಹಬ್ಬ ಮುಗಿದ ವಾರ, ಸಂಜೆಯ ಊಟಕ್ಕೆ ಎಲ್ಲರೂ ಕೂತಿದ್ದರು. ಮಗ ಗುರುಶಾಂತ ಮೊದಲ ರೊಟ್ಟಿ ಮುರಿಯುವ ಮುನ್ನವೇ ಮಾತು ತೆಗೆದ.

"ಗಚ್ಚಿಬೌಲಿಯ ಒಂದು ಕಂಪನಿಯವರು ಗಾಡಿ ಕೇಳಾಕತ್ತಾರ. ನೌಕರದಾರರನ್ನ ಮನಿಗೆ ಬಿಡೋ ಕೆಲಸ. ಸಂಜಿ ನಾಕರಿಂದ ರಾತ್ರಿ ಎರಡರ ತನಕ. ದಸರಾದೊಳಗ ಹೂಂ ಅನ್ನಬೇಕು."

ಗುರುಶಾಂತನದು ಹನ್ನೆರಡು ಸೀಟಿನ ಪ್ರವಾಸಿ ವ್ಯಾನು. ಗೋಲ್ಕೊಂಡಾ, ಕುತುಬ್‌ಶಾಹಿ ಗೋರಿಗಳು, ರಾಮಪ್ಪ ಗುಡಿ, ಗಿರಾಕಿ ಉದಾರಿಯಾದರೆ ಬೀದರಿನ ತನಕ. ಆದರೆ ಮಳೆಗಾಲ ಹಿಡಿಯಿತೆಂದರೆ ಅದು ಓಣಿಯ ಮೂಲೆಯಲ್ಲಿ ನಿಂತು ಬೆಕ್ಕುಗಳಿಗೆ ನೆರಳಾಗುತ್ತಿತ್ತು.

"ಮಳಿ ಹೋದ ಮ್ಯಾಲೆ ಮಂದಿ ಬರ್ತಾರಲ್ಲೋ," ಎಂದರು ಸಂಗಣ್ಣ.

"ಬರ್ತಾರಪಾ. ಹೋದ ವರ್ಷಕ್ಕಿಂತ ಹೆಚ್ಚಿಗೇ ಬರ್ತಾರ. ಬಂದು ದೊಡ್ಡ ಹೋಟೆಲಿನವರ ಗಾಡ್ಯಾಗ ಕೂಡತಾರ. ನನಗ ಕಾಯಂ ಒಂದು ಕೆಲಸ ಬೇಕು."

ಗಂಗಾಬಾಯಿಗೆ ಉಳಿದದ್ದೇನೂ ಕಿವಿಗೆ ಬೀಳಲಿಲ್ಲ. "ಸಂಜಿ ಊಟಕ್ಕ?"

"ಡಬ್ಬಿ ಒಯ್ತೀನಿ."

"ದಿನಾ?"

"ದಿನಾ."

ಅವರು ಮಗನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. ಊರೂರು ತಿರುಗುವವನಾದರೂ ಮಗ ಸಂಜೆ ಈ ಅಂಗಳಕ್ಕೆ ಮರಳುತ್ತಿದ್ದ. ಅಡ್ಡಣಿಗೆಯ ಮೇಲೆ ತಟ್ಟೆ ಇಟ್ಟುಕೊಂಡು, ಅಪ್ಪನ ಎದುರು ಕೂತು, ಯಾವ ಊರಿನವರು ಏನು ಕೇಳಿದರೆಂದು ಹೇಳುತ್ತಾ ಉಣ್ಣುತ್ತಿದ್ದ. ಆ ಅಡ್ಡಣಿಗೆ ಇನ್ನು ಗೋಡೆಗೆ ಆನಿಸಿಯೇ ಇರುತ್ತದೆ.

ಸೊಸೆ ಭಾಗ್ಯಶ್ರೀ ಚಟ್ನಿಯ ಬಟ್ಟಲು ಕೆಳಗಿಟ್ಟಳು. "ನಾ ಒಂದು ಹೇಳತೀನಿ. ಬೈಬ್ಯಾಡ್ರಿ ಅತ್ತಿ."

"ಬೈಯೂದು ಇದ್ರ ಬೈತೀನಿ. ಹೇಳು."

"ಕಾಚಿಗೂಡದ ಸುಹಾಸಿನಿ ಅದಾಳಲ್ರಿ, ಭಾನುವಾರ ಮಂದೀನ ಕರಕೊಂಡು ಹಳೇ ಊರು ತೋರಸತಾಳ. ಹನ್ನೆರಡಕ್ಕ ತಿರುಗೂದು ಮುಗೀತದ. ಅರ್ಧ ಮಂದಿ ಮಾಂಸ ತಿನ್ನೂದಿಲ್ಲ, ಎಲ್ಲಿ ಉಣ್ಣೂದಂತ ಅಕಿನ್ನ ಕಾಡತಾರಂತ. ನಮ್ಮ ಅಂಗಳದಾಗ ರೊಟ್ಟಿ ಊಟ ಹಾಕಿದ್ರ ತಲಿಗಿಷ್ಟು ಅಂತ ಕೊಡತಾರ. ಉಂಡ ಮ್ಯಾಲೆ ಗೋಲ್ಕೊಂಡಾಕ್ಕ ಹೋಗಾಕ ಗಾಡಿ ಬೇಕು, ಅದೂ ನಮ್ದೇ. ಎರಡು ಭಾನುವಾರ ನೋಡತಾಳ. ಸರಿ ಬಂದ್ರ ದಸರಾದಿಂದ ಶಿವರಾತ್ರಿ ತನಕ ಪ್ರತಿ ವಾರ."

ಗಂಗಾಬಾಯಿ ಕೈ ತೊಳೆದುಕೊಂಡರು. "ಅನ್ನ ಮಾರೂದಾ? ಈ ಹೊಸ್ತಿಲ ಮ್ಯಾಲೆ?"

"ಅಜ್ಜಿ, ಇಡೀ ಹೈದರಾಬಾದ್ ಅನ್ನ ಮಾರಿನೇ ಬದುಕಾಕತ್ತೈತಿ," ಎಂದಳು ಮೊಮ್ಮಗಳು ದೀಪ್ತಿ. ದಿಲ್‌ಸುಖ್‌ನಗರದ ಕೋಚಿಂಗಿನಿಂದ ಆಗಷ್ಟೇ ಬಂದವಳು, ಹಸಿದಿದ್ದಳು. "ಬಿರಿಯಾನಿ ಏನು ಪುಗಸಟ್ಟೆ ಕೊಡತಾರ?"

"ಅವರ ಮನಿ ಅವರಿಗೆ. ನಿಮ್ಮ ಮುತ್ತ್ಯಾ ಉಣ್ಣಾಕ ಕೂತವರ ಹೆಸರು ಸೈತ ಕೇಳತಿದ್ದಿಲ್ಲ. ನೀವು ರೊಕ್ಕ ಕೇಳವರೇನು?"

ಆಗ ಸಂಗಣ್ಣ ಗಂಟಲು ಸರಿಮಾಡಿಕೊಂಡರು. ಮೂವತ್ತೊಂದು ವರ್ಷ ಗೋಲ್ಕೊಂಡಾ ಕೋಟೆಯ ಬಾಗಿಲಲ್ಲಿ ಟಿಕೆಟು ಹರಿದು ನಿವೃತ್ತರಾದ ಮನುಷ್ಯ. ಅವರ ಮಾತೂ ಟಿಕೆಟಿನಷ್ಟೇ ಉದ್ದ.

"ಟಿಕೆಟ್ ಹರಿದ ಮ್ಯಾಲೆ ಮಂದಿ ಕೇಳೂದು ಎರಡ. ನೀರೆಲ್ಲಿ, ಊಟ ಎಲ್ಲಿ. ಮೂವತ್ತೊಂದು ವರ್ಷ ನಾ ಕೈ ಮಾಡಿ ಯಾರ್ಯಾರದೋ ಹೋಟೆಲ್ ತೋರಿಸೀನಿ."

"ಹಂಗಂದ್ರ ನೀವೂ ಸೊಸಿ ಕಡೆ."

"ನಾ ಊಟದ ಕಡೆ. ಇನ್ನೊಂದು ರೊಟ್ಟಿ ಹಾಕು."

ಎರಡು ದಿನ ಗಂಗಾಬಾಯಿ ಜಪ್ಪಯ್ಯ ಎನ್ನಲಿಲ್ಲ. ಆದರೆ ಮಗ ಪೇಟೆಗೆ ಹೋಗಿ ಹೊಸದೊಂದು ಸ್ಟೀಲಿನ ಡಬ್ಬಿ ತಂದು ಗೋಡೆಯ ಮಾಡದಲ್ಲಿ ಇಟ್ಟ. ಲಿಂಗಪೂಜೆ ಮುಗಿಸಿ ಏಳುವಾಗಲೆಲ್ಲ ಅದು ಅವರ ಕಣ್ಣಿಗೆ ಬೀಳುತ್ತಿತ್ತು. ಮೂರನೆಯ ದಿನ ಸೊಸೆಯನ್ನು ಕರೆದರು.

"ಎಷ್ಟು ಮಂದಿ?"

"ಹದಿನಾಕು, ಅತ್ತಿ."

"ಅಡಿಗಿ ನನ್ನ ಕೈಯಾಂದ ಆಗಬೇಕು. ರೊಕ್ಕದ ಮಾತು ನನ್ನ ಕಿವಿಗೆ ಬೀಳಬಾರದು, ಕಣ್ಣಿಗೂ ಕಾಣಬಾರದು."

"ಆಗಲ್ರಿ ಅತ್ತಿ," ಎಂದಳು ಭಾಗ್ಯಶ್ರೀ, ಇಷ್ಟು ಸುಲಭಕ್ಕೆ ಮುಗಿಯಿತೇ ಎಂದು ಒಳಗೇ ಅನುಮಾನಿಸುತ್ತಾ.

ಮುಂದಿನ ಹತ್ತು ದಿನ ಮನೆಗೆ ಮದುವೆಯ ಕಳೆ ಬಂತು. ಅಟ್ಟದ ಮೇಲಿನ ಅಡ್ಡಣಿಗೆಗಳು ಇಳಿದವು, ಹುಣಸೆಹಣ್ಣು ಹಚ್ಚಿದ ಹಿತ್ತಾಳೆ ತಂಬಿಗೆಗಳು ಬಿಸಿಲು ಕಂಡವು. ಗುರುಶಾಂತ ಮೀರ್ ಆಲಂ ಮಂಡಿಯಿಂದ ಎಳೆಯ ಬದನೆಕಾಯಿ ಆರಿಸಿ ತಂದ. ಹದಿನಾಲ್ಕು ಜನರ ರೊಟ್ಟಿಗೆ ಇಬ್ಬರು ಹೆಂಗಸರ ಕೈ ಸಾಲದೆಂದು ಭಾಗ್ಯಶ್ರೀ ಶಿವದೇವಿಯನ್ನು ಗೊತ್ತುಮಾಡಿದಳು. ಸೇಡಂ ಕಡೆಯ ಶಿವದೇವಿ ಗಂಡನ ಜೊತೆ ಬಂದು ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ ಗಟ್ಟಿ ಹೆಣ್ಣುಮಗಳು.

"ಇಟ್ಟಂಗಿ ಹೊರೂದು ಬಿಟ್ಟು ರೊಟ್ಟಿ ಬಡಿಯಾಕ ಕರದ್ರ ಒಲ್ಲೆ ಅಂತಾರೇನ್ರಿ?" ಎಂದು ಅವಳು ಹಿಟ್ಟು ನಾದುವ ಕೊಣಮಗಿ ಮುಂದೆಳೆದುಕೊಂಡಳು. "ಪಗಾರ ಅಷ್ಟೇ ಕೊಟ್ರೂ ಬರ್ತೀನಿ. ಇಲ್ಲಿ ತಲಿ ಮ್ಯಾಲೆ ಬಿಸಿಲಿಲ್ಲ."

ಭಾನುವಾರ ಹನ್ನೆರಡೂವರೆಗೆ ಸುಹಾಸಿನಿಯ ಹಿಂದೆ ಹದಿನಾಲ್ಕು ಮಂದಿ ಅಂಗಳಕ್ಕೆ ಬಂದರು. ನಾಲ್ಕು ಜೋಡಿ ಗಂಡಹೆಂಡಿರು, ಅಹಮದಾಬಾದಿನವರು, ಚೆನ್ನೈನವರು. ಗಚ್ಚಿಬೌಲಿಯ ಕಚೇರಿಯೊಂದರ ಅಮಿತಾ ಮತ್ತು ಅವಳ ಮೂವರು ಗೆಳತಿಯರು. ಒಂಟಿಯಾಗಿ ಬಂದ ಇಬ್ಬರು ಗಂಡಸರು. ಹತ್ತು ವರ್ಷದಿಂದ ಈ ಊರಲ್ಲಿದ್ದರೂ ಚಾರ್‌ಮಿನಾರನ್ನು ಹತ್ತಿರದಿಂದ ನೋಡಿದ್ದು ಇವತ್ತೇ ಎಂದು ಅಮಿತಾ ನಾಚುತ್ತಾ ಹಿಂದಿಯಲ್ಲಿ ಹೇಳಿದಳು.

"ಊರಾಗ ಇದ್ದು ಊರು ನೋಡದವರೇ ಈಗ ನನ್ನ ಅರ್ಧ ಗಿರಾಕಿ, ಕಾಕಾ," ಎಂದಳು ಸುಹಾಸಿನಿ ಸಂಗಣ್ಣನವರಿಗೆ. "ವಿಮಾನ ಹತ್ತಿ ಬರೋರನ್ನೇ ಕಾಯಬೇಕಂತಿಲ್ಲ. ಮೆಟ್ರೋ ಹತ್ತಿ ಬರೋರು ಭಾಳ ಮಂದಿ ಇದ್ದಾರ."

ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಕೆನೆಮೊಸರು, ಕೊನೆಗೆ ಹೋಳಿಗೆ. ಗಂಗಾಬಾಯಿ ಸಾಲಿನುದ್ದಕ್ಕೂ ಓಡಾಡಿದರು. ಸಾಕು ಎಂದವರ ತಟ್ಟೆಗೆ ಅರ್ಧ, ಸುಮ್ಮನಿದ್ದವರ ತಟ್ಟೆಗೆ ಪೂರ್ತಿ. ಚೆನ್ನೈನ ಒಬ್ಬರು ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದ ತುಪ್ಪ ಬಿತ್ತು. ಎಲ್ಲರೂ ನಕ್ಕರು. ಅಡುಗೆಮನೆಯಲ್ಲಿ ಶಿವದೇವಿಯ ರೊಟ್ಟಿಯ ಸಪ್ಪಳ ತಾಳ ತಪ್ಪದೆ ನಡೆದಿತ್ತು. ಭಾಗ್ಯಶ್ರೀ ಗಂಡನ ಕಡೆ ನೋಡಿದಳು. ಅವನು ಹೊರಡಲು ವ್ಯಾನಿನ ಗಾಜು ಒರೆಸಿ ಬಂದಿದ್ದ. ಎಲ್ಲವೂ ಕೂಡಿಬಂದಿತ್ತು.

ಆಗ ಗಂಗಾಬಾಯಿ ಒಳಗೆ ಹೋಗಿ ತಮ್ಮ ಟ್ರಂಕು ತೆಗೆದರು.

ಉಂಡು ಹೊರಟ ಹೆಣ್ಣುಮಕ್ಕಳನ್ನು ಬರಿಗೈಯಲ್ಲಿ ಕಳಿಸುವುದು ಅವರಿಗೆ ಗೊತ್ತಿರಲಿಲ್ಲ. ಎಂಟು ಹೆಂಗಸರನ್ನೂ ಮೂಡಣಕ್ಕೆ ಮುಖ ಮಾಡಿ ಮಣೆಯ ಮೇಲೆ ಕೂರಿಸಿದರು. ಅರಿಸಿನ ಕುಂಕುಮ ಹಚ್ಚಿ, ಸೆರಗಿನಲ್ಲಿ ಐದು ಹಿಡಿ ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಅಡಿಕೆ, ಮೇಲೊಂದು ಕುಬಸದ ಖಣ ಇಟ್ಟು ಉಡಿ ತುಂಬಿದರು. ಪ್ಯಾಂಟು ತೊಟ್ಟಿದ್ದ ಅಮಿತಾಗೆ ಸೆರಗೇ ಇರಲಿಲ್ಲ. ದೀಪ್ತಿಯ ಓಢಣಿ ತಂದು ಅವಳ ಸೊಂಟಕ್ಕೆ ಕಟ್ಟಿ, ಅದರಲ್ಲೇ ತುಂಬಿದರು. ಹುಡುಗಿಯ ಕಣ್ಣಲ್ಲಿ ನೀರು ನಿಂತಿತು.

ಆಮೇಲೆ ಬಾಗಿಲ ಕಡೆ ನೋಡಿದರು. ರೊಕ್ಕದ ವಿಷಯ ಅಜ್ಜಿಗೆ ಕಾಣಬಾರದೆಂದು ದೀಪ್ತಿ ಹೊಸ್ತಿಲ ಹೊರಗಿನ ಗೋಡೆಗೆ, ಹಣ ಕೊಡಲು ಫೋನಿನಲ್ಲಿ ಸ್ಕ್ಯಾನ್ ಮಾಡುವ ಚೌಕ ಗುರುತಿನ ಹಾಳೆ ಅಂಟಿಸಿದ್ದಳು. ಉಡಿ ತುಂಬಿಸಿಕೊಂಡ ಮೊದಲ ಹೆಂಗಸು ಅದರ ಮುಂದೆ ಫೋನು ಹಿಡಿದಿದ್ದಳು.

ಗಂಗಾಬಾಯಿ ಎರಡೇ ಹೆಜ್ಜೆಗೆ ಹೊರಗೆ ಬಂದರು. ಉಡಿಯ ಅಕ್ಕಿ ಮುಗಿದು ಕೈಯಲ್ಲೇ ಉಳಿದಿದ್ದ ಮೊರವನ್ನು ಹಾಳೆಯ ಮೇಲಿನ ಮೊಳೆಗೆ ತೂಗುಹಾಕಿದರು. ಹಾಳೆ ಪೂರ್ತಿ ಮುಚ್ಚಿತು.

"ಅತ್ತಿ," ಎಂದಳು ಭಾಗ್ಯಶ್ರೀ ಮೆಲ್ಲಗೆ.

"ಉಡಿ ತುಂಬೀನಿ. ಈಗ ಮನಿ ಹೆಣ್ಣುಮಕ್ಕಳು ಅವರು. ಮಗಳ ಕಡೆ ಊಟದ ರೊಕ್ಕ ತಗೋತಾರೇನು?"

"ಅವರ ಗಂಡಂದಿರು?"

"ಅಳಿಯಂದಿರ ಕಡೆ ತಗೊಂಡ ಮನಿ ಎಲ್ಲಿ ಐತಿ, ತೋರಸು."

ಎಂಟು ಮಗಳಂದಿರು, ನಾಲ್ಕು ಅಳಿಯಂದಿರು. ಆ ಭಾನುವಾರ ದುಡ್ಡು ಕೊಟ್ಟವರು ಒಂಟಿಯಾಗಿ ಬಂದ ಇಬ್ಬರು ಗಂಡಸರು ಮಾತ್ರ. ಅದೂ ಗಂಗಾಬಾಯಿ ಒಳಗೆ ಹೋದ ಮೇಲೆ, ಮೊರ ಎತ್ತಿ ಹಿಡಿದು.

ಹೋಗುವಾಗ ಸುಹಾಸಿನಿ ಭಾಗ್ಯಶ್ರೀಯನ್ನು ಬದಿಗೆ ಕರೆದಳು. "ಊಟದ ಬಗ್ಗೆ ಮಾತೇ ಇಲ್ಲ. ಆದ್ರ ಹಿಂಗಾದ್ರ ನಿಮಗೂ ನಡಿಯೂದಿಲ್ಲ, ನನಗೂ ಮುಜುಗರ. ಒಂದು ವಾರ ಬಿಟ್ಟು ಇನ್ನೊಂದು ಸಲ ನೋಡೋಣು. ಅವತ್ತೂ ಹಿಂಗೇ ಆದ್ರ ಬ್ಯಾರೆ ಕಡೆ ಕೇಳಬೇಕಾಗ್ತದ."

ಸಂಜೆ ಭಾಗ್ಯಶ್ರೀ ಪಾತ್ರೆಗಳ ರಾಶಿಯ ಮುಂದಿನಿಂದ ಎದ್ದು ಬಂದಳು. ಹದಿನೆಂಟು ವರ್ಷದಲ್ಲಿ ಅತ್ತೆಗೆ ಎದುರಾಡಿದವಳಲ್ಲ.

"ಮೂರು ದಿನ ಬೆಳಗ ಮುಂಜಾನೆ ಐದಕ್ಕೆದ್ದೀನಿ. ಶಿವದೇವಿ ಪಗಾರ ನನ್ನ ಗಂಟಿನಿಂದ ಕೊಟ್ಟೀನಿ. ದಾಸೋಹ ನಿಮ್ಮದು ಅತ್ತಿ, ದುಡಿಮಿ ನಂದು. ಅದನ್ನೂ ನೀವ ದಾನ ಮಾಡಿಬಿಟ್ರಿ."

"ನನ್ನ ಮುಂದ ದುಡಿಮಿ ಹೇಳಬ್ಯಾಡ. ಐವತ್ತು ವರ್ಷ ಈ ಒಲಿ ಮುಂದ ಕೂತೀನಿ ನಾನು."

"ಕೂತೀರಿ. ಯಾರರೆ ಒಬ್ಬರು ನಿಮಗ ಪಗಾರ ಕೊಟ್ಟಾರೇನ್ರಿ?"

ಗುರುಶಾಂತ ಎದ್ದು ಮಾಡದಲ್ಲಿದ್ದ ಡಬ್ಬಿಯನ್ನು ತೊಳೆದು ಬೋರಲು ಹಾಕಿದ. "ಬಿಡ್ರಿ ಇಬ್ಬರೂ. ದಸರಾದಿಂದ ನಾ ಗಚ್ಚಿಬೌಲಿಗೆ ಹೋಗತೀನಿ."

ಮರುದಿನದಿಂದ ಮನೆಯಲ್ಲಿ ರೊಟ್ಟಿಯ ಸಪ್ಪಳ ನಿಂತಿತು. ಭಾಗ್ಯಶ್ರೀ ಮೂರು ಹೊತ್ತೂ ಅನ್ನ ಸಾರು ಮಾಡಿಟ್ಟಳು. ರುಚಿಯಲ್ಲಿ ತಪ್ಪು ಹುಡುಕುವಂತಿರಲಿಲ್ಲ, ಮಾತು ಮಾತ್ರ ಇರಲಿಲ್ಲ.

"ಇಲಾಖೆದಾಗ ಭಾಳ ಮುಷ್ಕರ ನೋಡೀನಿ," ಎಂದರು ಸಂಗಣ್ಣ ನಾಲ್ಕನೆಯ ದಿನ ತಟ್ಟೆ ನೋಡಿ. "ಇಷ್ಟು ಶಿಸ್ತಿನದು ಇದ ಮೊದಲು."

"ತಾತಾ, ಥೋಡಾ ಚುಪ್," ಎಂದಳು ದೀಪ್ತಿ. ಆದರೆ ಭಾಗ್ಯಶ್ರೀಯ ತುಟಿ ಒಂಚೂರು ಅಲುಗಿದ್ದನ್ನು ಗಂಗಾಬಾಯಿ ನೋಡಿದರು.

ಗುರುವಾರ ಮಧ್ಯಾಹ್ನ ಶಿವದೇವಿ ಬಂದಳು. ತಲೆಗೂದಲಿಗೆ ಸಿಮೆಂಟಿನ ಧೂಳು ಹಿಡಿದಿತ್ತು. ಊಟದ ಹೊತ್ತು. ಗಂಗಾಬಾಯಿ ತಾವೇ ತಟ್ಟೆ ಹಾಕಿದರು. ಭಾಗ್ಯಶ್ರೀ ಪೇಟೆಗೆ ಹೋಗಿದ್ದಳು.

"ಮುಂದಿನ ಭಾನುವಾರ ಕೆಲಸ ಐತೇನ್ರಿ ಅವ್ವಾ? ಇಲ್ಲಂದ್ರ ಮೇಸ್ತ್ರಿಗೆ ಬರ್ತೀನಿ ಅಂತ ಹೇಳಬೇಕು."

"ನೀ ಮೊದಲು ಉಣ್ಣು." ಗಂಗಾಬಾಯಿ ಎದುರಿಗೆ ಕೂತರು. ಅವಳು ಎರಡು ತುತ್ತು ಉಂಡ ಮೇಲೆ ಕೇಳಿದರು, "ಅಲ್ಲವಾ, ಅವತ್ತು ರೊಟ್ಟಿ ಬಡದು ರೊಕ್ಕ ತಗೊಂಡ್ಯಲ್ಲ, ಅನ್ನ ಮಾರಿದಂಗ ಅನಸಲಿಲ್ಲೇನು ನಿನಗ?"

ಶಿವದೇವಿ ತುತ್ತು ನುಂಗಿ ನಕ್ಕಳು. "ಅದ್ಯಾಕ ಅನಸತೈತ್ರಿ. ಅದು ಕಾಯಕ. ಈಗ ಉಣ್ಣಾಕತ್ತೀನಲ್ಲ, ಇದು ನಿಮ್ಮ ಪುಣ್ಯ. ಬಡದಿದ್ದಕ್ಕ ಪಗಾರ, ಉಂಡಿದ್ದಕ್ಕ ಕೈ ಮುಗಿಯೂದು. ಎರಡೂ ಕೂಡಿಸಿ ಕಲಸಿದ್ರ ನಮ್ಮಂಥವರು ಬದುಕೂದು ಹೆಂಗ್ರಿ?"

ಅವಳು ಕೈ ತೊಳೆದು ಪಡಸಾಲೆಯಲ್ಲಿ ಕೂತಳು. ಗಂಗಾಬಾಯಿ ಅಂಗಳದಲ್ಲಿ ಪೇಪರು ಓದುತ್ತಿದ್ದ ಗಂಡನ ಹತ್ತಿರ ಬಂದು ನಿಂತರು.

"ಮಾವನೋರು ಹೋದ ಮ್ಯಾಲೆ ಈ ಮನಿ ದಾಸೋಹದ ಜೋಳ ಎಲ್ಲಿಂದ ಬರತಿತ್ತು?"

"ಇದೇನು ಪ್ರಶ್ನೆ? ನನ್ನ ಪಗಾರದಿಂದ."

"ಪಗಾರ ಎಲ್ಲಿಂದ?"

ಸಂಗಣ್ಣ ಪೇಪರು ಮಡಚಿದರು. ಹೆಂಡತಿ ಎಲ್ಲಿಗೆ ಹೊರಟಿದ್ದಾಳೆಂದು ಅವರಿಗೆ ಅಷ್ಟರಲ್ಲಿ ತಿಳಿದಿತ್ತು. "ಗೋಲ್ಕೊಂಡಾ ನೋಡಾಕ ಬಂದವರು ಟಿಕೆಟ್ ತಗೊಂಡ್ರಲ್ಲ, ಅಲ್ಲಿಂದ ಅಂತ ತಿಳ್ಕೋ. ಊರು ನೋಡಾಕ ಬಂದವರ ರೊಕ್ಕದಾಗೇ ಗಂಗೂ, ನೀ ಮೂವತ್ತೊಂದು ವರ್ಷ ಮಂದಿಗೆ ಉಣಿಸೀದಿ. ನಾ ಬಾಗಲದಾಗ ತಗೊಂಡೆ, ನೀ ಒಳಗ ಬಡಿಸಿದಿ. ಅಷ್ಟ."

"ಮೊದಲ ಯಾಕ ಹೇಳಲಿಲ್ಲ?"

"ಕೇಳಲಿಲ್ಲಲ್ಲ ನೀನು."

ಬಾಗಿಲಲ್ಲಿ ತಗೊಂಡೆ, ಒಳಗೆ ಬಡಿಸಿದಿ. ಪುರಾಣದ ಪದದ ಹಾಗೆ ಆ ಎರಡು ಮಾತು ಧಾಟಿ ಹಿಡಿದು ಗಂಗಾಬಾಯಿಯ ತಲೆಯೊಳಗೆ ತಿರುಗಿದವು. ಪಡಸಾಲೆಯ ಕಡೆ ತಿರುಗಿ ಶಿವದೇವಿಗೆ ಹೇಳಿದರು: "ಮೇಸ್ತ್ರಿಗೆ ಭಾನುವಾರ ಬರೂದಿಲ್ಲ ಅಂತ ಹೇಳು."

ಪೇಟೆಯಿಂದ ಬಂದ ಭಾಗ್ಯಶ್ರೀಗೆ ಅಡುಗೆಮನೆಯಲ್ಲಿ ರೊಟ್ಟಿಯ ಸಪ್ಪಳ ಕೇಳಿಸಿತು. ಅತ್ತೆ ಒಲೆಯ ಮುಂದೆ ಕೂತಿದ್ದರು.

"ಸುಹಾಸಿನಿಗೆ ಫೋನ್ ಹಚ್ಚು," ಎಂದರು ತಿರುಗಿ ನೋಡದೆ. ಭಾಗ್ಯಶ್ರೀ ಹಚ್ಚಿ ಅತ್ತೆಯ ಕಿವಿಗೆ ಹಿಡಿದಳು.

"ನೋಡವಾ ಸುಹಾಸಿನಿ, ರೊಕ್ಕ ಚಾರ್‌ಮಿನಾರ್‌ದಾಗ ತಗೊಂಡುಬಿಡು, ನನ್ನ ಹೊಸ್ತಿಲದಿಂದ ಆಚೆ, ಅವರು ಇನ್ನೂ ಪರಸ್ಥಳದವರು ಇದ್ದಾಗ. ಸೊಸಿ ದುಡಿಮಿ ಅದು, ಒಂದು ಪೈಸೆ ಕಡಿಮಿ ಆಗಬಾರದು. ಒಳಗ ಬಂದ ಮ್ಯಾಲೆ ನನ್ನ ಮಂದಿ."

"ಅಂದ್ರ ಮತ್ತ ಉಡಿ ತುಂಬತೀರೇನ್ರಿ?"

"ತುಂಬದ ಬಿಡತೀನೇನು?"

ಭಾಗ್ಯಶ್ರೀ ಫೋನನ್ನು ತನ್ನ ಕಡೆ ಎಳೆದುಕೊಂಡಳು. "ಖಣ ಇಲ್ಲ, ಸುಹಾಸಿನಿ. ಅಕ್ಕಿ, ಕಾಯಿ ಅಷ್ಟ."

"ಸೊಸಿ ಹೇಳಿದ ಮ್ಯಾಲೆ ಮುಗೀತು," ಎಂದರು ಗಂಗಾಬಾಯಿ. "ಎಷ್ಟು ಮಂದಿ ರೊಕ್ಕ ಕೊಡತಾರೋ ಅದಕ್ಕಿಂತ ಒಂದು ತಟ್ಟಿ ಹೆಚ್ಚಿಗಿ ಹಾಕತೀನಿ. ಬಾಗಲಕ್ಕ ಬಂದವರದು ಅದು. ಅದರ ಲೆಕ್ಕ ಯಾರೂ ಕೇಳೂದಿಲ್ಲ."

ಆ ರಾತ್ರಿ ಸಂಗಣ್ಣ ಮೂರು ರೊಟ್ಟಿ ತಿಂದರು.

ಎರಡನೆಯ ಭಾನುವಾರ ಹದಿನೆಂಟು ಮಂದಿ ಬಂದರು. ಅವರಲ್ಲಿ ಏಳು ಜನ ಗಚ್ಚಿಬೌಲಿಯ ಒಂದೇ ಕಚೇರಿಯವರು. ಎಲ್ಲರಿಗಿಂತ ಮುಂದೆ ಅಮಿತಾ, ಈ ಸಲ ಸೀರೆಯಲ್ಲಿ. ಹಣ ಚಾರ್‌ಮಿನಾರಿನ ಕೆಳಗೇ ಸಂದಾಯವಾಗಿತ್ತು. ಭಾಗ್ಯಶ್ರೀ ನೆಮ್ಮದಿಯಿಂದ ತಟ್ಟೆ ಹಾಕುತ್ತಿದ್ದಳು.

ಗಂಗಾಬಾಯಿ ಅಮಿತಾಳ ಗಲ್ಲ ಹಿಡಿದು ನೋಡಿದರು. "ಈಕಿ ಆ ಓಢಣಿ ಹುಡುಗಿ ಅಲ್ಲೇನು?" ಎಂದು ಸುಹಾಸಿನಿಯ ಕಡೆ ತಿರುಗಿದರು. "ಈಕಿ ಕಡೆನೂ ತಗೊಂಡಿಯೇನು?"

ಸುಹಾಸಿನಿ ಭಾಗ್ಯಶ್ರೀಯ ಮುಖ ನೋಡಿದಳು. ಭಾಗ್ಯಶ್ರೀ ಕೈಯಲ್ಲಿದ್ದ ತಟ್ಟೆ ಹಾಗೇ ಹಿಡಿದು ನಿಂತಳು.

"ಈಕಿಗೆ ಹೋದ ಸಲ ಉಡಿ ತುಂಬೀನಿ. ತಿರುಗಿ ಕೊಡು."

ಸುಹಾಸಿನಿ ಫೋನು ತೆಗೆದು ಹಣ ತಿರುಗಿ ಕಳಿಸಿದಳು. ಅಮಿತಾ ಬೇಡವೆಂದು ಕೈ ಆಡಿಸುತ್ತಾ ಮಿಕ್ಕವರ ಸಾಲಿನಲ್ಲಿ ಕೂರಲು ಹೋದಳು.

"ಅಲ್ಲಿ ಎಲ್ಲಿ ಕೂಡತಿ?" ಎಂದರು ಗಂಗಾಬಾಯಿ. "ತವರಮನಿಗೆ ಬಂದ ಮಗಳು ಪಂಕ್ತ್ಯಾಗ ಕೂಡತಾಳೇನು? ಸೆರಗು ಕಟ್ಟು. ರೊಟ್ಟಿ ಬುಟ್ಟಿ ಹಿಡಿ. ನಿನ್ನ ಮಂದಿಗೆ ನೀನ ಬಡಸು. ಉಣ್ಣೂದು ಆಮ್ಯಾಲೆ, ನಮ್ಮ ಜೋಡಿ."

ದೀಪ್ತಿ ಅದನ್ನು ಹಿಂದಿಯಲ್ಲಿ ಹೇಳುವಷ್ಟರಲ್ಲಿ ಅಮಿತಾಗೆ ಅರ್ಥವಾಗಿತ್ತು. ಸೆರಗು ಸಿಕ್ಕಿಸಿ ಬುಟ್ಟಿ ಹಿಡಿದಳು. ಕಚೇರಿಯಲ್ಲಿ ಅವಳ ಮೇಲಧಿಕಾರಿಯಾಗಿದ್ದ ದಪ್ಪ ಕನ್ನಡಕದ ಮನುಷ್ಯ ಸಾಕು ಎಂದು ಕೈ ಅಡ್ಡ ಹಿಡಿದ. ಅವಳು ಗಂಗಾಬಾಯಿಯ ಕಡೆ ನೋಡಿದಳು. ಗಂಗಾಬಾಯಿ ತಲೆ ಆಡಿಸಿದರು. ರೊಟ್ಟಿ ಅವನ ತಟ್ಟೆಗೆ ಬಿತ್ತು. ಇಡೀ ಅಂಗಳ ನಕ್ಕಿತು. ಹೆಚ್ಚಿನ ತಟ್ಟೆಯಲ್ಲಿ ಅವತ್ತು ಓಣಿಗೆ ಬಂದಿದ್ದ ಚಾಕುಗಳಿಗೆ ಸಾಣೆ ಹಿಡಿಯುವವನು ಕೂತು ಉಂಡ. ಅವನಿಗೆ ಯಾರೂ ಏನೂ ಕೇಳಲಿಲ್ಲ.

ಹೊರಡುವಾಗ ಗುರುಶಾಂತ ವ್ಯಾನನ್ನು ಎರಡು ಸಲ ಓಡಿಸಬೇಕಾಯಿತು. ಕನ್ನಡಕದವನು ಅವನ ಪಕ್ಕ ಕೂತು, ತಿಂಗಳಿಗೊಮ್ಮೆ ಕಚೇರಿಯವರನ್ನು ರಾಮಪ್ಪ ಗುಡಿಗೆ ಕರೆದೊಯ್ಯಲು ಏನು ತಗೊಳ್ಳುತ್ತೀ ಎಂದು ಕೇಳಿದನಂತೆ. ಸುಹಾಸಿನಿ ಶಿವರಾತ್ರಿಯ ತನಕದ ಭಾನುವಾರಗಳನ್ನು ಭಾಗ್ಯಶ್ರೀಯ ಕ್ಯಾಲೆಂಡರಿನಲ್ಲಿ ತಾನೇ ಗುರುತು ಹಾಕಿ ಹೋದಳು.

ಸಂಜೆ ಗುರುಶಾಂತ ಅಡ್ಡಣಿಗೆಯ ಮುಂದೆ ಕೂತು, ರಾತ್ರಿ ಕೆಲಸಕ್ಕೆ ಗಾಡಿ ಕೇಳಿದ್ದ ಕಂಪನಿಗೆ ಫೋನು ಮಾಡಿದ. "ನಹೀ ಸಾಬ್, ಗಾಡಿ ಖಾಲಿ ನಹೀ," ಎಂದ. ಅಷ್ಟೇ. ಹೊಸ ಡಬ್ಬಿಗೆ ಶೇಂಗಾ ಹಿಂಡಿ ತುಂಬಿ ಭಾಗ್ಯಶ್ರೀ ಆಗಲೇ ಮುಚ್ಚಳ ಹಾಕಿದ್ದಳು.

"ಅಜ್ಜಿ," ಎಂದಳು ದೀಪ್ತಿ, ಬೆರಳು ಮಡಚುತ್ತಾ, "ವಾರಕ್ಕ ಎಂಟು ಅಂತ ಹಿಡಿ. ಶಿವರಾತ್ರಿಯೊಳಗ ನಿನಗ ನೂರೈವತ್ತಕ್ಕ ಮ್ಯಾಲೆ ಹೆಣ್ಣುಮಕ್ಕಳಾಗತಾರ. ಒಬ್ಬರ ಕಡೆನೂ ಎರಡನೇ ಸಲ ರೊಕ್ಕ ತಗೋಳಂಗಿಲ್ಲ."

"ಒಬ್ಬ ಮಗಳು ಆರು ಮಂದೀನ ಕರಕೊಂಡು ಬಂದಾಳ," ಎಂದರು ಸಂಗಣ್ಣ. "ಇಷ್ಟು ಅಗ್ಗದ ಜಾಹೀರಾತು ನಮ್ಮ ಇಲಾಖೆಗೂ ಗೊತ್ತಿದ್ದಿಲ್ಲ."

"ದೀಪಾವಳಿಗೆ ಎಲ್ಲಾರೂ ತವರಿಗೆ ಬಂದುಬಿಟ್ರ?" ಎಂದಳು ದೀಪ್ತಿ.

ಗಂಗಾಬಾಯಿ ಎದ್ದು ಬಾಗಿಲಾಚೆ ಹೋಗಿ, ಎರಡು ವಾರದಿಂದ ಮೊಳೆಗೆ ತೂಗುತ್ತಿದ್ದ ಮೊರವನ್ನು ಇಳಿಸಿಕೊಂಡು ಬಂದರು. ಅದರಲ್ಲಿ ಮುಂದಿನ ವಾರದ ಜೋಳ ಸುರಿದು, ದೀಪದ ಬೆಳಕಿಗೆ ಸರಿದು ಕೂತು ಕೇರತೊಡಗಿದರು.

"ಬರಲಿ," ಎಂದರು. "ಬಡಸೋರಿಗೆ ಕೊರತಿ ಇಲ್ಲ."